ಐದು ಕೆಜಿ ಮೇಲೆ

ವ್ಯಾಯಾಮ ಚಿಕಿತ್ಸೆಯ ಮೇಡಂ ಅವರಿಗೆ ನಮಸ್ಕಾರ.

ಮೊದಲ ಸಲ ಬಂದಾಗ ನೀವು ನನ್ನ ಎದೆಗೆ ಪಟ್ಟಿ ಕಟ್ಟಿ ಆರು ನಿಮಿಷ ನಡೆಸಿದಿರಿ. "ಹಾರ್ಟು ವೀಕಾಗಿದೆ, ಐದು ಕೆಜಿ ಮೇಲೆ ಎತ್ತಬೇಡಿ. ಮನೇಲಿ ಯಾರಿದ್ದಾರೆ?" ಎಂದಿರಿ. "ಮೂವತ್ತು ವರ್ಷದ ಮಗ ಇದ್ದಾನಲ್ಲ" ಎಂದೆ. ನೀವು ನಿಶ್ಚಿಂತೆಯಿಂದ ಬರೆದುಕೊಂಡಿರಿ.

ದಿನಾ ಬೆಳಿಗ್ಗೆ ನಾನು ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು ಅವನನ್ನೇ. ಅರವತ್ತೆರಡು ಕೆಜಿ ಇದ್ದಾನೆ. ಬೇಡ ಅನ್ನಬೇಡಿ, ನಾನು ಕೇಳುವವಳಲ್ಲ. ಕಾಲು ಎಲ್ಲಿಡಬೇಕು, ಉಸಿರು ಯಾವಾಗ ಬಿಡಬೇಕು, ಅಷ್ಟು ಹೇಳಿಕೊಡಿ.

ನನ್ನ ಕಾಯಿಲೆಯ ವಿಷಯ ಅವನಿಗೆ ಹೇಳಿಲ್ಲ. ಆದರೆ ನಾಲ್ಕು ದಿನದಿಂದ ತಟ್ಟೆಯಲ್ಲಿ ಅರ್ಧ ಊಟ ಬಿಡುತ್ತಿದ್ದಾನೆ. ಗದರಿದರೆ "ಹಸಿವಿಲ್ಲಮ್ಮ" ಎನ್ನುತ್ತಾನೆ. ಇವತ್ತು ಎತ್ತುವಾಗ ಮೆಲ್ಲಗೆ ಕೇಳಿದ: "ಅಮ್ಮಾ, ಸ್ವಲ್ಪ ಹಗುರಾಗಿದ್ದೀನಾ?"

ಇಂತಿ,
ಗುರುವಾರ ಹತ್ತು ಗಂಟೆಗೆ ಬರುವವಳು