ಸ್ಟ್ರೆಚರ್ ಮೇಲೆ ಮಲಗಿದ ಭಾವ

ಮಾನ್ಯ ಶಿಬಿರಾಧಿಕಾರಿಗಳೇ,

ನೆಲದ ಮೇಲೆ ಮಲಗಿದರೆ ಚಾರಿತ್ರ್ಯ ಬೆಳೆಯುತ್ತದೆ ಎಂದು ತಾವು ಸುತ್ತೋಲೆ ಹೊರಡಿಸಿದಿರಿ. ಸ್ಕೌಟ್ ಶಿಬಿರದಲ್ಲಿ ಮಂಚ, ಕುರ್ಚಿ, ದಪ್ಪ ಹಾಸಿಗೆ ಯಾವುದೂ ಕೂಡದು, ಮಕ್ಕಳಿಗೂ ಕೂಡದು, ಜೊತೆಗೆ ಹೋಗುವ ಹಿರಿಯರಿಗೂ ಕೂಡದು ಎಂದಿರಿ. ಆ ಒಂದು ಮಾತಿನಿಂದ ನಮ್ಮ ದಳವೇ ಮುಚ್ಚಿಹೋಗಿದೆ. ತಮ್ಮ ಚಾರಿತ್ರ್ಯ ಯಾವ ನೆಲದ ಮೇಲೆ ಬೆಳೆಯಿತು ಎಂದು ಕೇಳುವ ಧೈರ್ಯ ನನಗಿಲ್ಲ. ತಮ್ಮ ಕಚೇರಿಯ ಕುರ್ಚಿಯ ವಿಷಯ ಮಾತ್ರ ಚೆನ್ನಾಗಿ ಗೊತ್ತು. ಅದರ ಮೆತ್ತೆ ಹೊಲಿದವರು ನಮ್ಮ ಭಾವ.

ಭಾವ ಎಂದರೆ ನನ್ನ ಅಕ್ಕನ ಗಂಡ, ಸೋಫಾ ರಿಪೇರಿಯವರು. ಊರಿನವರನ್ನೆಲ್ಲ ಮೆತ್ತಗೆ ಕೂರಿಸಿ ಕೂರಿಸಿ ತಮ್ಮ ಬೆನ್ನು ಹಾಳು ಮಾಡಿಕೊಂಡವರು. ನೆಲದ ಮೇಲೆ ಮಲಗಿದರೆ ಬೆಳಿಗ್ಗೆ ಯಾರಾದರೂ ಹಿಡಿದೆಬ್ಬಿಸಬೇಕು. ನಮ್ಮ ದಳದಲ್ಲಿ, ಅದರ ಕ್ಯಾಪ್ಟನ್ ಆದ ನನ್ನನ್ನು ಬಿಟ್ಟರೆ ಇರುವ ಹಿರಿಯರು ಅವರೊಬ್ಬರೇ. ಇಬ್ಬರು ಹಿರಿಯರಿಲ್ಲದೆ ಶಿಬಿರವಿಲ್ಲ ಎಂಬುದೂ ತಮ್ಮದೇ ನಿಯಮ. ಡೇರೆಯಲ್ಲಿ ಮನೆ ನೆನಪಾಗಿ ಅಳುವ ಮಗು ಹುಡುಕಿಕೊಂಡು ಹೋಗುವುದು ಅವರನ್ನೇ, ನನ್ನನ್ನಲ್ಲ. ಅದಕ್ಕೇ ಅವರು ಒಂದು ಮಡಚುವ ಮಂಚ ತರುತ್ತಿದ್ದರು. ಒಂದು ತುಂಡು ಕ್ಯಾನ್ವಾಸು, ನಾಲ್ಕು ಕಬ್ಬಿಣದ ಕೊಳವೆ. ಇದರಲ್ಲಿ ಐಷಾರಾಮ ಎಲ್ಲಿ ಬಂತು, ಸ್ವಾಮಿ?

ಸುತ್ತೋಲೆ ಬಂದ ಮೇಲೆ ನಾವೊಂದು ಬುದ್ಧಿವಂತಿಕೆ ಮಾಡಿದೆವು. ಶಿಬಿರದಲ್ಲಿ ಸ್ಟ್ರೆಚರ್ ಇರಲೇಬೇಕಲ್ಲ! ಭಾವ ಮಂಚದ ಕಾಲು ಗಿಡ್ಡ ಮಾಡಿ, ಎರಡೂ ಕಡೆ ಹಿಡಿ ಹೊಲಿದು, ಕೆಂಪು ಬಟ್ಟೆಯ ಗುರುತು ಹಚ್ಚಿದರು.

"ನೋಡು ಕ್ಯಾಪ್ಟನಮ್ಮ, ಇನ್ಮೇಲೆ ನಾನು ಮಲಗಿದ್ರೆ ಅದು ಪ್ರಥಮ ಚಿಕಿತ್ಸೆ ಪಾಠ," ಎಂದು ನನ್ನನ್ನು ರೇಗಿಸಿದರು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಶಿಬಿರದ ಮೊದಲ ಬೆಳಿಗ್ಗೆಯೇ ತಾವು ತಪಾಸಣೆಗೆ ಬಂದಿರಿ. ಜೀಪಿನಿಂದ ಮೊದಲು ತಮ್ಮ ಕುರ್ಚಿ ಇಳಿಯಿತು, ಆಮೇಲೆ ತಾವು. ಭಾವ ಇನ್ನೂ ಎದ್ದಿರಲಿಲ್ಲ.

"ಇವರಿಗೇನಾಗಿದೆ?" ಎಂದಿರಿ.

"ಏನಿಲ್ಲ ಸಾರ್, ಆರಾಮಾಗಿದೀನಿ," ಎಂದರು ಭಾವ, ಏಳಲು ಹೆಣಗುತ್ತಾ.

"ಆರಾಮಾಗಿದ್ರೆ ಇದು ಮಂಚ. ಇದು ಸ್ಟ್ರೆಚರ್ ಆದ್ರೆ ನೀವು ರೋಗಿ. ಯಾವ್ದು ಹೇಳಿ."

ಮಂಚ ಎಂದರೆ ದಳದ ಮಾನ್ಯತೆ ಹೋಗುತ್ತದೆ. ಭಾವ ನನ್ನ ಮುಖ ನೋಡಿ, "ರೋಗಿನೇ ಸಾರ್," ಎಂದರು. ರೋಗಿಯನ್ನು ಮನೆಗೆ ಕಳಿಸಬೇಕು ಎಂದು ತಾವು ನಿಯಮ ಹೇಳಿದಿರಿ. ಮಕ್ಕಳೇ ಅವರನ್ನು ಹೊತ್ತು ವ್ಯಾನಿಗೆ ಏರಿಸಿದರು, ಅವರು ಕಲಿಸಿದ ಹಾಗೆಯೇ, ಒಂದಿಷ್ಟೂ ಅಲುಗಿಸದೆ. ತಾವು ಚಪ್ಪಾಳೆ ತಟ್ಟಿದಿರಿ. ಆಮೇಲೆ, ಹಿರಿಯರು ಒಬ್ಬರೇ ಉಳಿದರೆಂದು ಶಿಬಿರವನ್ನೂ ಮುಚ್ಚಿಸಿದಿರಿ. ನಾನು ಒಂದೊಂದೇ ಡೇರೆ ಬಿಚ್ಚಿ ಮಡಚಿದೆ.

"ಮಕ್ಕಳ ಮುಂದೆ ರೋಗಿ ಅಂತ ಒಪ್ಕೊಂಡಾಯ್ತಲ್ಲ, ಇನ್ನು ನಾನು ಬರಲ್ಲ ಬಿಡು. ಗಟ್ಟಿ ಬೆನ್ನಿನವರನ್ನ ಹುಡುಕ್ಕೋ," ಎನ್ನುತ್ತಾರೆ ಭಾವ. ಹುಡುಕಿದೆ. ಗಟ್ಟಿ ಬೆನ್ನಿನವರಿಗೆ ಪುರುಸೊತ್ತಿಲ್ಲ. ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು.

ನನ್ನ ಬೇಡಿಕೆ ಇಷ್ಟೇ: ಬೆನ್ನು ನೋಯುವವರಿಗೆ ಮಲಗಲು ಒಂದು ಮಂಚ, ಕೂರಲು ಒಂದು ಕುರ್ಚಿ. ತಾವು ಕೊಡುವುದಿಲ್ಲ ಎಂದು ಗೊತ್ತು, ಕೊಟ್ಟರೂ ಈಗ ಮಲಗುವವರು ಯಾರು?

ಕಳೆದ ವಾರ ತಮ್ಮ ಕಚೇರಿಯ ಕುರ್ಚಿ ಮತ್ತೆ ಭಾವನ ಅಂಗಡಿಗೆ ಬಂತು. ಕೂತರೆ ತಮಗೆ ಬೆನ್ನು ನೋಯುತ್ತದಂತೆ. "ಪಾಪ ಕಣೇ, ಎಷ್ಟು ನೋಯುತ್ತೆ ಅಂತ ನಂಗೊತ್ತು," ಎನ್ನುತ್ತಾ ಅವರು ಒಳ್ಳೆಯ ಸ್ಪಂಜನ್ನೇ ಆರಿಸಿ ತುಂಬಿದರು. ಕುರ್ಚಿ ಸಿದ್ಧವಾಗಿದೆ, ಒಯ್ಯಲು ಜನ ಕಳಿಸಿ.

ಇಂತಿ,
ಮುಚ್ಚಿದ ದಳದ, ಇನ್ನೂ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿಡುವ
ಕ್ಯಾಪ್ಟನಮ್ಮ