ಸತ್ತ ಗೆಳೆಯನನ್ನು ಬೈಯಲು ಒಂದು ಗಂಟೆಯ ಅನುಮತಿ ಕೋರಿ

ನಮ್ಮ ಗಣಿಯ ‘ಘನತೆ ಮತ್ತು ಸೌಹಾರ್ದ’ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ನಿಮ್ಮ ದೆಸೆಯಿಂದ ನಾನು ನನ್ನ ಗೆಳೆಯನನ್ನು ಒಂದೇ ಒಂದು ಬೈಗುಳವಿಲ್ಲದೆ ಮಣ್ಣು ಮಾಡಬೇಕಾಯಿತು. ಈ ಬಗ್ಗೆ ನಿಮ್ಮ ಕಚೇರಿಗೆ ಮೂರು ಸಲ ಅರ್ಜಿ ಬರೆದೆ. ಮೂರು ಸಲವೂ ‘ನಿಮ್ಮ ಭಾವನೆಗಳನ್ನು ನಾವು ಗೌರವಿಸುತ್ತೇವೆ’ ಎಂಬ ಉತ್ತರ ಬಂತು. ನನ್ನ ಭಾವನೆಗಳಿಗೆ ಇಷ್ಟು ಗೌರವವನ್ನು ಮೂವತ್ತು ವರ್ಷ ಸಂಸಾರ ಮಾಡಿದ ನನ್ನ ಹೆಂಡತಿಯೂ ಕೊಟ್ಟವಳಲ್ಲ. ಆದ್ದರಿಂದ ನಾಲ್ಕನೆಯ ಅರ್ಜಿಯನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಬರುವ ಕೆಟ್ಟ ಮಾತುಗಳನ್ನೆಲ್ಲ ನಿಮ್ಮ ನಿಷೇಧಿತ ಪದಗಳ ಪಟ್ಟಿಯಿಂದಲೇ ಎತ್ತಿಕೊಂಡಿದ್ದೇನೆ. ಅವನ್ನು ಟೈಪು ಮಾಡಿ, ಚೌಕಟ್ಟು ಹಾಕಿ, ಕ್ಯಾಂಟೀನಿನ ಗೋಡೆಗೆ ತೂಗುಹಾಕಿದವರಿಗೆ ಎಚ್ಚರಿಕೆ ಪತ್ರ ಬಂದಿಲ್ಲವಾದ್ದರಿಂದ ನನಗೂ ಬರಲಾರದು ಎಂದು ನಂಬಿದ್ದೇನೆ.

ನಾನು ಜೆಬ್ರಾನ್ ಸೊಕೊ. ಇಪ್ಪತ್ತಾರು ವರ್ಷದಿಂದ ನಿಮ್ಮ ಗಣಿಯ ದೀಪದ ಕೋಣೆಯ ಕಿಟಕಿಯ ಹಿಂದೆ ಕೂತಿದ್ದೇನೆ. ನೆಲದಡಿಗೆ ಇಳಿಯುವ ಪ್ರತಿಯೊಬ್ಬನೂ ತನ್ನ ಹೆಸರಿನ ಹಿತ್ತಾಳೆ ಬಿಲ್ಲೆಯನ್ನು ನನಗೆ ಕೊಟ್ಟು, ಹಣೆಗೆ ಕಟ್ಟುವ ದೀಪ ತೆಗೆದುಕೊಂಡು ಹೋಗಬೇಕು. ಮೇಲೆ ಬಂದಾಗ ದೀಪ ಕೊಟ್ಟು ಬಿಲ್ಲೆ ಒಯ್ಯಬೇಕು. ಬಿಲ್ಲೆ ತೂಗುಹಾಕುವ ನನ್ನ ಗೋಡೆಯ ಮೊಳೆಯಲ್ಲಿ ಬಿಲ್ಲೆ ಉಳಿದಿದೆ ಎಂದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ನನ್ನ ಗೆಳೆಯ ಬೊನವೆಂಚರ್ ಕತೊಂಗೊ ಅಲ್ಲಿ ಬಂಡೆ ಕೊರೆಯುತ್ತಿದ್ದವನು. ಮಗಳ ಹೆಸರು ಚೋಲ ಆದ್ದರಿಂದ ಊರಿಗೆಲ್ಲ ಅವನು ಬಶಿ ಚೋಲ, ಚೋಲಳ ಅಪ್ಪ. ಅವನ ಹೆಂಡತಿ ಬಾನ ಚೋಲ. ನನಗೆ ಮಾತ್ರ ಅವನು ಭಾವ. ಅವನು ಉತ್ತರದ ಬೆಂಬಾ ಕುಲದವನು, ನಾನು ಪೂರ್ವದ ಅಂಗೋನಿ ಕುಲದವನು. ನಮ್ಮ ಮುತ್ತಜ್ಜಂದಿರು ಈಟಿ ಹಿಡಿದು ಬಡಿದಾಡಿದವರು. ಸತ್ತವರನ್ನು ಹೂಳಿ ಹೂಳಿ ಸಾಕಾಗಿ, ಇನ್ನು ಮುಂದೆ ನಾಲಿಗೆಯಲ್ಲೇ ಬಡಿದಾಡೋಣ ಎಂದು ಒಪ್ಪಿಕೊಂಡರು. ಅಂದಿನಿಂದ ಎರಡೂ ಕುಲದವರು ಒಬ್ಬರಿಗೊಬ್ಬರು ಭಾವಂದಿರು, ಬೆಂಬಾ ಅಂಗೋನಿಯನ್ನು, ಅಂಗೋನಿ ಬೆಂಬಾವನ್ನು ಏನೆಂದರೂ ನಡೆಯುತ್ತದೆ. ಸಿಟ್ಟು ಮಾಡಿಕೊಂಡವನೇ ಸೋತವನು.

ಪ್ರತಿ ಬೆಳಿಗ್ಗೆ ನನ್ನ ಕಿಟಕಿಯಲ್ಲಿ ನಡೆಯುತ್ತಿದ್ದುದು ಇಷ್ಟು:

“ಏ ಇಲಿ ತಿನ್ನೋನೇ, ದೀಪ ಕೊಡೋ. ಇವತ್ತು ತಿಂಡಿಗೆ ಎಷ್ಟು ಇಲಿ ಆಯ್ತು?”

“ನಿನಗೆ ದೀಪ ಯಾಕೋ, ಕೋತಿ ತಿನ್ನೋನೇ? ತಿಂದ ಕೋತಿ ಬಾಲ ಹಿಡ್ಕೊಂಡು ಇಳಿ.”

“ನಮ್ಮಜ್ಜ ನಿಮ್ಮಜ್ಜ ಇಬ್ರೂ ಯುದ್ಧದಲ್ಲಿ ಓಡಿದ್ದು ನೆನಪಿದ್ಯಾ?”

“ಓ, ಚೆನ್ನಾಗಿ ನೆನಪಿದೆ. ಮುಂದೆ ಓಡಿದ್ದು ನಿಮ್ಮಜ್ಜ. ಹಿಂದೆ ಈಟಿ ಹಿಡ್ಕೊಂಡು ಓಡಿದ್ದು ನಮ್ಮಜ್ಜ.”

ಸಾಲಿನಲ್ಲಿದ್ದವರೆಲ್ಲ ನಗುತ್ತ ಲಿಫ್ಟು ಹತ್ತುತ್ತಿದ್ದರು. ಕೆಳಗೆ ಏನು ಕಾದಿದೆಯೋ ಯಾರಿಗೆ ಗೊತ್ತು, ನಕ್ಕು ಇಳಿಯುವುದು ಒಳ್ಳೆಯದು. ಇದು ಬರೀ ಬಾಯಿಚಪಲವಲ್ಲ ಮಾನ್ಯರೇ, ಇದಕ್ಕೆ ಋಣವೂ ಅಂಟಿಕೊಂಡಿದೆ. ನನ್ನ ತಾಯಿ ಸತ್ತಾಗ ಗುಂಡಿ ತೋಡಿದವನು ಕತೊಂಗೊ. ಬಂದವರಿಗೆಲ್ಲ ಸೌದೆ ಹೊತ್ತು ತಂದು ಮೆಕ್ಕೆಜೋಳದ ನ್ಶೀಮಾ ಮುದ್ದೆ ತೊಳಸಿದವನು ಅವನು. ಆಮೇಲೆ ನನ್ನ ತಾಯಿಯ ತಲೆವಸ್ತ್ರ ಕಟ್ಟಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಅವಳು ನನ್ನನ್ನು ಬೈಯುತ್ತಿದ್ದ ಧಾಟಿಯಲ್ಲೇ ಬೈದ. ಶವಪೆಟ್ಟಿಗೆಯ ಮೇಲೆ ಅಡ್ಡ ಮಲಗಿ, “ಈ ಇಲಿ ತಿನ್ನೋ ಮುದುಕಿ ನನಗೊಂದು ಕೋಳಿ ಕೊಡದೆ ಎಲ್ಲಿಗೆ ಹೊರಟಳು?” ಎಂದು ಎತ್ತಲು ಬಿಡಲಿಲ್ಲ. ಮೂರು ದಿನದಿಂದ ಬಾಯಿ ಬಿಡದಿದ್ದ ನನ್ನ ತಂಗಿ ಅವತ್ತು ನಕ್ಕಳು, ನಕ್ಕ ಮೇಲೆಯೇ ಅತ್ತಳು. ಬೈಯುವ ಭಾವನಿಲ್ಲದೆ ಹೋದ ಹೆಣ ಅನಾಥ ಹೆಣ ಎಂಬುದು ನಮ್ಮ ಎರಡೂ ಕಡೆಯವರ ನಂಬಿಕೆ.

ಇನ್ನು ನಿಮಗೆ ಗೊತ್ತಿರುವ ಭಾಗ. ಕಳೆದ ಮಾರ್ಚಿನಲ್ಲಿ ಲಿಫ್ಟು ಕೆಟ್ಟು ಪಾಳಿಯವರೆಲ್ಲ ಗಣಿಯ ಬಾಯಿಯ ಹತ್ತಿರ ಕಾಯುತ್ತಿದ್ದಾಗ, ಹೊರದೇಶದಿಂದ ಬಂದ ನಿಮ್ಮ ಮೇಲ್ವಿಚಾರಕರು ಕತೊಂಗೊನ ಗುಂಪನ್ನು ನೋಡಿ, “ಈ ಕೋತಿಗಳನ್ನ ಮರದಿಂದ ಇಳಿಸಿ ಹೆಲ್ಮೆಟ್ ಹಾಕಿದ್ದೇ ತಪ್ಪಾಯ್ತು” ಎಂದರು. ಕೆಲವರು ನಕ್ಕರು. ನನ್ನ ಬಾಯಿಯ ಒಂದು ತುದಿಯೂ ಮೇಲೆ ಹೋದದ್ದು ನೆನಪಿದೆ, ಅದನ್ನು ಮುಚ್ಚಿಡುವುದಿಲ್ಲ. ಅದು ಹೊಟ್ಟೆಪಾಡಿನ ನಗು, ಅದಕ್ಕಾಗಿ ಇವತ್ತಿಗೂ ನಾಚಿಕೆಯಾಗುತ್ತದೆ. ಕತೊಂಗೊ ನಗಲಿಲ್ಲ. ಐವತ್ತೊಂದು ವರ್ಷದವನು, ಚರ್ಚಿನಲ್ಲಿ ಹಿರಿಯ, ಆ ಮೇಲ್ವಿಚಾರಕರು ಹಾಲು ಕುಡಿಯುತ್ತಿದ್ದಾಗಲೇ ಬಂಡೆ ಕೊರೆಯುತ್ತಿದ್ದವನು. ‘ಮಾತನಾಡಿ, ನಾವು ಕೇಳುತ್ತೇವೆ’ ಎಂಬ ನಿಮ್ಮ ಭಿತ್ತಿಪತ್ರವನ್ನು ನಂಬಿ ದೂರು ಕೊಟ್ಟ. ನಾನು ಸಾಕ್ಷಿ ಹೇಳಲು ಬಂದೆ.

ವಿಚಾರಣೆಯಲ್ಲಿ ಮೇಲ್ವಿಚಾರಕರು ತಮ್ಮ ಫೋನು ತೆರೆದು ಮೇಜಿನ ಮೇಲಿಟ್ಟರು. ಅದರ ವಿಡಿಯೋದಲ್ಲಿ ನಾನಿದ್ದೆ, ಕತೊಂಗೊ ಇದ್ದ, ನನ್ನ ಕಿಟಕಿ ಇತ್ತು. ಇಲಿ, ಕೋತಿ, ಬಾಲ, ಅಜ್ಜ ಎಲ್ಲವೂ ಇದ್ದವು. “ಇಲ್ಲಿ ಇದು ಪದ್ಧತಿ ಅಂತ ತಿಳ್ಕೊಂಡೆ. ಇವರ ಜೊತೆ ಬೆರೆಯೋಣ ಅಂತ ಅಂದಿದ್ದು” ಎಂದರು. ಆಗ ಕತೊಂಗೊ ಕೇಳಿದ್ದನ್ನು ನಿಮ್ಮ ಕಡತದಲ್ಲಿ ಬರೆದುಕೊಂಡಿರೋ ಇಲ್ಲವೋ, ನಾನು ಇಲ್ಲಿ ಬರೆಯುತ್ತೇನೆ.

“ಸರಿ ಸರ್, ನೀವು ಭಾವ ಅಂತಲೇ ಇಟ್ಕೊಳ್ಳೋಣ. ನಾನು ಸತ್ರೆ ಗುಂಡಿ ತೋಡೋಕೆ ಗುದ್ದಲಿ ಹಿಡ್ಕೊಂಡು ಬರ್ತೀರಾ?”

“ವಿಷಯಕ್ಕೆ ಬನ್ನಿ” ಎಂದಿರಿ ನೀವು. ವಿಷಯ ಅದೇ ಆಗಿತ್ತು ಮಾನ್ಯರೇ. ನಾನು ಎದ್ದು ನಿಂತು, “ಭಾವ ಅಂದ್ಮೇಲೆ ತಿರುಗಿ ಬೈಯೋ ಹಕ್ಕು ನಮಗೂ ಬಂತಲ್ಲ. ಒಂದೇ ಒಂದು ಮಾತು ಅನ್ಲಾ ಸರ್, ಇವರ ಮೂಗಿನ ಬಗ್ಗೆ?” ಎಂದೆ. ನಿಮ್ಮ ಗುಮಾಸ್ತರು ನಕ್ಕರು, ನೀವು ನಗಲಿಲ್ಲ. ನನ್ನ ಹೆಸರಿನ ಮುಂದೆ ಏನೋ ಗುರುತು ಹಾಕಿಕೊಂಡಿರಿ.

ತೀರ್ಪು ಬಂತು. ಎಲ್ಲರಿಗೂ ಒಂದೇ ನಿಯಮ, ಯಾರಿಗೂ ವಿನಾಯಿತಿ ಇಲ್ಲ! ಮೇಲ್ವಿಚಾರಕರಿಗೆ ಅರ್ಧ ದಿನದ ‘ಸಂಸ್ಕೃತಿ ಪರಿಚಯ’ ತರಬೇತಿ, ಜೊತೆಗೆ ಚಹಾ ಮತ್ತು ಸಮೋಸ. ಅವರದು ಒಂದೇ ಸಲದ ಮಾತು. ನಮ್ಮದು ‘ಪದೇ ಪದೇ, ದಾಖಲೆಸಹಿತ’. ಆದ್ದರಿಂದ ಕತೊಂಗೊಗೂ ನನಗೂ ಕೊನೆಯ ಎಚ್ಚರಿಕೆ ಪತ್ರ. ಇನ್ನೊಮ್ಮೆ ಬಾಯಿ ಜಾರಿದರೆ ಕೆಲಸದಿಂದ ವಜಾ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ. ಬರೆ ಎಳೆಸಿಕೊಂಡ ಎಮ್ಮೆಯಿಂದ ‘ಓದಿ ಅರ್ಥಮಾಡಿಕೊಂಡಿದ್ದೇನೆ’ ಎಂದು ಸಹಿ ಹಾಕಿಸಿಕೊಂಡದ್ದನ್ನು ಅವತ್ತೇ ನೋಡಿದ್ದು. ವಾರದಲ್ಲಿ ನಲವತ್ತಮೂರು ಪದಗಳ ಪಟ್ಟಿ ಗೋಡೆಗೆ ಬಂತು. ಹದಿನೇಳನೆಯದು ‘ಇಲಿ ತಿನ್ನುವವ’, ಹದಿನೆಂಟನೆಯದು ‘ಕೋತಿ ತಿನ್ನುವವ’. ಬರೀ ‘ಕೋತಿ’ ಅದರಲ್ಲಿ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ ನಿಮ್ಮ ಸಿಬ್ಬಂದಿ, “ಅದು ಒಂದು ಪ್ರಾಣಿಯ ಹೆಸರಲ್ವಾ, ಹೇಗೆ ಸೇರಿಸೋದು?” ಎಂದರು. ನಾವು ಕೋತಿ ತಿನ್ನುವುದು ಅಪರಾಧ, ಕೋತಿಯೇ ಆಗಿರುವುದು ನಿರಪರಾಧ.

ಪಟ್ಟಿಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ನನ್ನ ಬಾಯಲ್ಲಿ ಬರಬಾರದ ಪದಗಳೂ ಇವೆ, ಅವನ್ನು ಬರೆದದ್ದು ಒಳ್ಳೆಯದೇ ಆಯಿತು. ನಾನೇನು ಸಂತನಲ್ಲ. ಹಿಂದೊಮ್ಮೆ ನಮ್ಮ ಕಚೇರಿಗೆ ಹೊಸದಾಗಿ ಒಬ್ಬ ಗುಮಾಸ್ತೆ ಬಂದಳು, ವಾಯವ್ಯ ಕಡೆಯ ಕಾವೊಂಡೆ ಕುಲದ ಹೆಂಗಸು. ಅವಳ ಜನರ ಬಗ್ಗೆ ನಾನೊಂದು ಮಾತು ಎಸೆದೆ. ಸಾಲಿನವರು ನಕ್ಕರು, ಅವಳು ತಲೆ ತಗ್ಗಿಸಿ ಹೋದಳು. ನನ್ನನ್ನು ಹಿಡಿದು ನಿಲ್ಲಿಸಿದವನು ಕತೊಂಗೊ. “ಅವಳೇನು ನಿನ್ನ ಭಾವನ ಕಡೆಯೋಳೇನೋ? ತಿರುಗಿ ಬೈಯೋಕೆ ಅವಳಿಗೆ ದಾರಿ ಇದ್ಯಾ? ಹೋಗು, ಕೋಳಿ ತಗೊಂಡು ಹೋಗಿ ತಪ್ಪಾಯ್ತು ಅನ್ನು” ಎಂದ. ಹೋದೆ, ಅಂದೆ. ನಮಗೂ ನಿಯಮವಿದೆ ಮಾನ್ಯರೇ, ಗೋಡೆಗೆ ಅಂಟಿಸಿಲ್ಲ ಅಷ್ಟೆ. ತಿರುಗಿ ಬೈಯಲಾರದವನನ್ನು ಬೈಯಬಾರದು. ನಿಮ್ಮ ನಲವತ್ತಮೂರು ಸಾಲುಗಳಲ್ಲಿ ಈ ಒಂದು ಸಾಲು ಎಲ್ಲಿದೆ?

ಆಮೇಲೆ ನನ್ನ ಕಿಟಕಿಯಲ್ಲಿ ಘನತೆಯೂ ಸೌಹಾರ್ದವೂ ನೆಲೆಸಿದವು. “ಶುಭೋದಯ, ಶ್ರೀ ಸೊಕೊ.” “ಶುಭೋದಯ, ಶ್ರೀ ಕತೊಂಗೊ.” ಬಿಲ್ಲೆ, ದೀಪ, ಮುಂದಿನವನು. ಇಪ್ಪತ್ತಾರು ವರ್ಷದಲ್ಲಿ ಅವನ ಕಣ್ಣನ್ನು ನೋಡದೆ ದೀಪ ಕೊಟ್ಟದ್ದು ಆಗಲೇ ಮೊದಲು. ಮೇಲ್ವಿಚಾರಕರು ಮಾತ್ರ ತರಬೇತಿಯಿಂದ ಒಂದು ಪದ ಕಲಿತು ಬಂದಿದ್ದರು. ಈಗ ದಿನಾ ಕಿಟಕಿಗೆ ಬಂದು, “ಏನ್ ಭಾವ, ಹೇಗಿದೀಯ?” ಎನ್ನುತ್ತಾರೆ. ಅದು ಪಟ್ಟಿಯಲ್ಲಿಲ್ಲ. ನಾನು ಹಲ್ಲು ತೋರಿಸಿ ದೀಪ ಕೊಡುತ್ತೇನೆ.

ಜುಲೈಯಲ್ಲಿ ಕೆಳಗೆ ಬಂಡೆ ಕೊರೆಯುತ್ತಿದ್ದಾಗಲೇ ಕತೊಂಗೊಗೆ ರಕ್ತದೊತ್ತಡ ಏರಿ ದೇಹದ ಒಂದು ಪಕ್ಕ ಬಿದ್ದುಹೋಯಿತು. ಅವನನ್ನು ಹೊತ್ತು ಮೇಲೆ ತಂದರು, ಬಿಲ್ಲೆ ನನ್ನ ಮೊಳೆಯಲ್ಲೇ ಉಳಿಯಿತು. ಗಣಿಯ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದ. ನಾನು ಹೋದಾಗಲೆಲ್ಲ ಮೊದಲು ಬಾಗಿಲ ಕಡೆ ನೋಡಿ, ಕೊರಳಿಗೆ ಬ್ಯಾಡ್ಜ್ ಹಾಕಿದವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನೆಟ್ಟಗಿದ್ದ ಅರ್ಧ ಬಾಯಿಯಲ್ಲಿ ಪಿಸುಗುಡುತ್ತಿದ್ದ: “ಬಂದ್ಯಾ, ಇಲಿ ತಿನ್ನೋನೇ.” ಕೊನೆಯ ಸಲ ಹೋದಾಗ ನನ್ನ ಕೈ ಹಿಡಿದುಕೊಂಡು, “ಭಾವ, ನನ್ನ ಮಣ್ಣಿನ ದಿನ ಸರಿಯಾಗಿ ಬೈಯೋ. ಕಂಜೂಸ್ತನ ಮಾಡ್ಬೇಡ” ಎಂದ. “ನಿನ್ನ ಪೆಟ್ಟಿಗೆ ಮೇಲೆ ಮಲಗಿ ಗೊರಕೆ ಹೊಡೀತೀನಿ ನೋಡ್ತಿರು” ಎಂದೆ. ಮಾತು ಕೊಟ್ಟೆ.

ನನ್ನ ಹೆಂಡತಿ ತಿಸಾವುಕೆಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸೂಜಿ. ಆ ಔಷಧಿ ಗಣಿಯ ಆಸ್ಪತ್ರೆಯಿಂದ ಬರುತ್ತದೆ, ನನಗೆ ಕೆಲಸವಿರುವವರೆಗೆ ಮಾತ್ರ. ಇದನ್ನು ಯಾಕೆ ಇಲ್ಲಿ ಹೇಳಿದೆ ಎಂದು ಮುಂದೆ ಗೊತ್ತಾಗುತ್ತದೆ.

ಗುಂಡಿಯನ್ನು ನಾನೇ ತೋಡಿದೆ. ಗುದ್ದಲಿ ನಿಮ್ಮ ಪಟ್ಟಿಯಲ್ಲಿರಲಿಲ್ಲ. ಮೇಲ್ವಿಚಾರಕ ಭಾವನವರು ಬರಲಿಲ್ಲ. ನಿಮ್ಮ ವಿಭಾಗದಿಂದ ಒಬ್ಬ ಅಧಿಕಾರಿ ಹೂವಿನ ಚಕ್ರ ಹಿಡಿದು ಬಂದು, ಬಹಳ ಮರ್ಯಾದೆಯಿಂದ ತಲೆಬಾಗಿ, ಫೋನಿನಲ್ಲಿ ಚಿತ್ರ ತೆಗೆಯುತ್ತ ಗುಂಡಿಯ ಪಕ್ಕದಲ್ಲೇ ನಿಂತರು. ಪಾದ್ರಿಯ ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಎತ್ತುವವರು ಎತ್ತದೆ ನಿಂತರು. ಅವನ ಹಳೆಯ ಟೋಪಿ ನನಗಾಗಿ ಪೆಟ್ಟಿಗೆಯ ಮೇಲಿತ್ತು. ಎಲ್ಲರೂ ನನ್ನನ್ನೇ ನೋಡಿದರು. ನಾನು ಆ ಫೋನನ್ನು ನೋಡಿದೆ, ಹೆಂಗಸರ ಸಾಲಿನಲ್ಲಿ ಕೂತಿದ್ದ ತಿಸಾವುಕೆಯನ್ನು ನೋಡಿದೆ. ಅತ್ತ ದರಿ, ಇತ್ತ ಪುಲಿ. ಟೋಪಿ ಮುಟ್ಟಲಿಲ್ಲ. “ಶ್ರೀ ಕತೊಂಗೊ ಅವರು ಪ್ರಾಮಾಣಿಕ ಸಹೋದ್ಯೋಗಿಯಾಗಿದ್ದರು” ಎಂದೆ.

ಬಾನ ಚೋಲ ತಲೆ ಎತ್ತಿ ನೋಡಿದಳು.

“ಯಾಕೆ ಸೊಕೊ, ಯಾಕೆ ಬೈತಾ ಇಲ್ಲ? ಅವರು ನಿನಗೆ ಏನೂ ಆಗಿರ್ಲಿಲ್ವಾ?”

ನಾನು ಮತ್ತೆ ಆ ಫೋನಿನ ಕಡೆ ನೋಡಿದೆ. ಅವಳು ಎತ್ತುವವರಿಗೆ ಕೈಸನ್ನೆ ಮಾಡಿದಳು. ಯಾರೂ ನಗಲಿಲ್ಲ, ಆದ್ದರಿಂದ ಯಾರಿಗೂ ಸರಿಯಾಗಿ ಅಳುವುದಕ್ಕೂ ಆಗಲಿಲ್ಲ. ನಿಮ್ಮ ಅಧಿಕಾರಿ ಮಾತ್ರ ಹೊರಡುವಾಗ, “ತುಂಬ ಘನವಾಗಿ ನಡೀತು” ಎಂದು ನನ್ನ ಕೈ ಕುಲುಕಿದರು. ಅಂದಿನಿಂದ ಬಾನ ಚೋಲ ಮಾರುಕಟ್ಟೆಯಲ್ಲಿ ಎದುರಾದರೆ ನನಗೆ ‘ನಮಸ್ಕಾರ ಸರ್’ ಎನ್ನುತ್ತಾಳೆ. ಮಾನ್ಯರೇ, ಮೇಲ್ವಿಚಾರಕರ ‘ಕೋತಿ’ಯನ್ನು ನಾನು ಹೇಗೋ ಜೀರ್ಣಿಸಿಕೊಂಡೆ. ಈ ‘ಸರ್’ ಗಂಟಲಲ್ಲೇ ಕೂತಿದೆ.

ಮುಂದಿನ ತಿಂಗಳ ಕೊನೆಯ ಭಾನುವಾರ ಕತೊಂಗೊನ ಸಮಾಧಿಗೆ ಕಲ್ಲು ನಿಲ್ಲಿಸುತ್ತಾರೆ. ನಮ್ಮಲ್ಲಿ ತಪ್ಪಿದ ಬೈಗುಳವನ್ನು ತೀರಿಸಲು ಉಳಿದಿರುವುದು ಆ ಒಂದೇ ದಿನ. ಅದಕ್ಕೇ ನಿಮ್ಮಲ್ಲಿ ಅನುಮತಿ ಕೇಳಿದ್ದೆ. ನಿಮ್ಮ ಕಚೇರಿ ನನ್ನ ಭಾವನೆಗಳನ್ನು ಗೌರವಿಸಿ ಒಂದು ನಮೂನೆ ಕಳಿಸಿದೆ: ಆಡಲಿರುವ ಮಾತುಗಳನ್ನು ಮುಂಚಿತವಾಗಿ ಲಿಖಿತದಲ್ಲಿ ಸಲ್ಲಿಸಬೇಕು, ಸಲ್ಲಿಸುವ ಬರಹದಲ್ಲಿ ಪಟ್ಟಿಯ ಪದಗಳು ಇರತಕ್ಕದ್ದಲ್ಲ, ಮೃತರ ಸಮ್ಮತಿಯ ಸಹಿ ಲಗತ್ತಿಸಬೇಕು. ಮೂರನೆಯದನ್ನು ತರಲು ನಾನು ಯಾವ ದೀಪ ಕಟ್ಟಿಕೊಂಡು ಎಷ್ಟು ಕೆಳಗೆ ಇಳಿಯಬೇಕು, ದಯವಿಟ್ಟು ತಿಳಿಸಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಬೊನವೆಂಚರ್ ಕತೊಂಗೊನನ್ನು ಮನಸಾರೆ ಬೈಯಲು ನನಗೆ ನಿಮ್ಮ ಸಹಿ ಮತ್ತು ಮೊಹರು ಇರುವ ಒಂದು ಹಾಳೆ ಕೊಡಿ. ಕತೊಂಗೊನ ಕಡತದಿಂದ ಆ ಎಚ್ಚರಿಕೆ ಪತ್ರವನ್ನು ತೆಗೆದುಹಾಕಿ, ಸತ್ತವನು ಇನ್ನೊಮ್ಮೆ ಬಾಯಿ ಜಾರಿಸಲಾರ. ಫೋನು ಕಳಿಸಬೇಡಿ, ನೀವೇ ಬನ್ನಿ. ಬಂದು ಬಾನ ಚೋಲಳ ಪಕ್ಕದಲ್ಲಿ ನಿಂತು, ನನ್ನ ಬೈಗುಳ ಕೇಳಿ ಅವಳ ಮುಖ ಏನಾಗುತ್ತದೆ ನೋಡಿ. ಅವಳ ಘನತೆಗೆ ಕುಂದು ಬಂತು ಎನಿಸಿದರೆ ಅಲ್ಲೇ ವಜಾ ಪತ್ರ ಕೊಡಿ.

ಅನುಮತಿ ಸಿಗದಿದ್ದರೆ ಆ ದಿನ ಏನು ಮಾಡುತ್ತೇನೆ ಎಂದು ಎಲ್ಲರೂ ಕೇಳುತ್ತಾರೆ. ತಿಸಾವುಕೆ, “ನನ್ನ ಸೂಜಿ ನೆಪ ಮಾಡ್ಕೊಂಡು ಬಾಯಿ ಮುಚ್ಕೋಬೇಡ” ಎನ್ನುತ್ತಾಳೆ. ಹಾಗೆ ಹೇಳುವಾಗ ಅವಳು ಔಷಧಿ ಇಟ್ಟ ಡಬ್ಬಿಯ ಕಡೆ ನೋಡುವುದಿಲ್ಲ, ನಾನು ನೋಡುತ್ತೇನೆ. ಧೈರ್ಯವಂತನಂತೆ ಬರೆಯಲು ಬರುತ್ತದೆ, ಬದುಕಲು ಬರುವುದಿಲ್ಲ. ಏನು ಮಾಡುತ್ತೇನೋ ನನಗೆ ಗೊತ್ತಿಲ್ಲ. ಅವನ ಹಿತ್ತಾಳೆ ಬಿಲ್ಲೆಯನ್ನು ನಾನು ಕಚೇರಿಗೆ ಹಿಂದಿರುಗಿಸಿಲ್ಲ, ಅದು ಇನ್ನೂ ನನ್ನ ಮೊಳೆಯಲ್ಲೇ ಇದೆ.

ಇಂತಿ,
ದೀಪದ ಕೋಣೆಯ ಕಿಟಕಿಯಿಂದ,
ಹಾಗೆಂದು ಕರೆಯಲು ಈಗ ಯಾರೂ ಉಳಿಯದ
ಒಬ್ಬ ಇಲಿ ತಿನ್ನುವವ