ಶಿವಲೀಲಕ್ಕನ ಬಟ್ಟಲು

ಸಂತೇಬೆನ್ನೂರು
ಸೋಮವಾರ

ಶಿವಲೀಲಕ್ಕನವರಿಗೆ, ಮಹಡಿ ಮನೆಯ ಅಂಬಿಕಾಳ ನಮಸ್ಕಾರ.

ನಿನ್ನೆ ಬೆಲ್ಲ, ಹುಣಸೆ ಕುದಿಯುವ ಘಮಕ್ಕೆ ನೀವೇ ಬಟ್ಟಲು ಹಿಡಿದು ಮೇಲೆ ಬಂದಿರಿ. "ಏನ್ ಘಮ ಐತೆ ಅಂಬಿಕಾ, ಒಂಚೂರು ಗೊಜ್ಜು ಹಾಕು" ಅಂದಿರಿ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಅಕ್ಕಾ, ಇದು ಹಂದಿ ಪಕ್ಕೆಲುಬಿಗೆ ಸವರಾಕೆ ಮಾಡಿದ್ದು" ಅಂದೆ. ನೀವು ಬಟ್ಟಲು ಬಿಟ್ಟು ಇಳಿದು ಹೋದಿರಿ. ಇವತ್ತು ಬೆಳಿಗ್ಗೆ ನಿಮ್ಮ ಯಜಮಾನರು ಅಂಗಡಿ ತೆರೆಯುವ ಮೊದಲೇ ಬಂದು ಮನೆ ಖಾಲಿ ಮಾಡಲು ಹೇಳಿದರು.

ಖಾಲಿ ಮಾಡುವುದಿಲ್ಲ. ಕರಾರು ಪತ್ರ ಎರಡು ಸಲ ಓದಿದೆ. ನನ್ನ ಒಲೆಯ ಮೇಲೆ ಏನು ಬೇಯಬೇಕು ಎಂದು ಅದರಲ್ಲೆಲ್ಲೂ ಇಲ್ಲ. ಬರುವ ಭಾನುವಾರವೂ ಪಕ್ಕೆಲುಬು ತರುತ್ತೇನೆ. ಮಾಂಸ ಮೂಳೆ ಬಿಡುವಷ್ಟು ಮೆತ್ತಗಾಗಲು ಎರಡು ತಾಸು ಬೇಕು. ಅಡುಗೆಮನೆ ಕಿಟಕಿಯ ಕೊಕ್ಕೆ ಮುರಿದು, ಗಾಳಿಗೆ ಅದು ಮುಚ್ಚಿಕೊಳ್ಳುತ್ತಿದೆ. ಭಾನುವಾರದೊಳಗೆ ಹೊಸ ಕೊಕ್ಕೆ ಹಾಕಿಸಿಕೊಡಿ. ನನಗೆ ಕಿಟಕಿ ತೆರೆದೇ ಇರಬೇಕು.

ಬಟ್ಟಲು ತೊಳೆದು ಈ ಪತ್ರದ ಜೊತೆ ಕಳಿಸಿದ್ದೇನೆ. ಬರಿ ಬಟ್ಟಲು ಹಿಂದಿರುಗಿಸಬಾರದು ಎಂಬುದು ನಮ್ಮಲ್ಲೂ ಇದೆ. ಅದಕ್ಕೇ ಒಂದಚ್ಚು ಬೆಲ್ಲ, ಒಂದು ಹಿಡಿ ಹುಣಸೆ ಇಟ್ಟಿದ್ದೇನೆ. ಗಾಬರಿಯಾಗಬೇಡಿ. ಎರಡೂ ನಿಮ್ಮ ಅಂಗಡಿಯವೇ.

ಇಂತಿ,
ಮಹಡಿಯಲ್ಲೇ ಇರುವ
ಅಂಬಿಕಾ